ಬಲಗಡೆಯ ಪದಕಗಳು

ಕೋಟಿನ ಎಡತೋಳಿಗೆ ಬ್ರಷ್ ಎಳೆದು ಮುಗಿಸಿ ವೇದಾ ಬಲತೋಳನ್ನು ಇಸ್ತ್ರಿ ಹಲಗೆಯ ಮೇಲೆ ಹರಡಿಕೊಂಡಳು. ಕಡುನೀಲಿ ಉಣ್ಣೆಯ ಕೋಟು. ವರ್ಷಕ್ಕೊಮ್ಮೆ ಮಾತ್ರ ಕಪಾಟಿನಿಂದ ಹೊರಗೆ ಬರುವ ಬಟ್ಟೆ. ಕಾಲರಿನ ಕೆಳಗೆ ಬಿಳಿಯ ನಾಯಿಕೂದಲು ಅಂಟಿಕೊಂಡಿತ್ತು. ನಾಯಿ ಸತ್ತು ನಾಲ್ಕು ವರ್ಷವಾಗಿದೆಯೆಂದು ರಾಬರ್ಟ್ ಹೇಳಿದ್ದು ಅವಳಿಗೆ ನೆನಪಿತ್ತು. ಬ್ರಷ್ಷಿಗೆ ಬಗ್ಗದ ಕೂದಲನ್ನು ಉಗುರಿನಿಂದ ಒಂದೊಂದಾಗಿ ಬಿಡಿಸತೊಡಗಿದಳು.

"ಕೋಟು ಹೊಸದಾಗಿ ಹೊಲೀತಿದೀಯಾ, ಲವ್?" ಹಾಸಿಗೆಯ ಅಂಚಿನಲ್ಲಿ ಕೂತಿದ್ದ ರಾಬರ್ಟ್ ಕೇಳಿದರು. ಹೆಂಗಸರನ್ನೆಲ್ಲ 'ಲವ್' ಎನ್ನುವುದು ಅವರ ಊರಿನ ರೂಢಿ.

"ಹೊಸದು ಹೊಲಿಯೋಕೆ ಕೂತ್ರೆ ಮುಂದಿನ ವರ್ಷದ ಮೆರವಣಿಗೆಗೇ ಸಿಗೋದು."

"ಅಷ್ಟು ದಿನ ನಾನಿರ್ತೀನಿ ಅಂದ್ಕೊಂಡಿದೀಯಾ? ನಿನ್ನ ಧೈರ್ಯಕ್ಕೆ ಮೆಚ್ಚಿದೆ." ಅವರು ನಕ್ಕರು. ನಗು ಅರ್ಧದಲ್ಲೇ ಕೆಮ್ಮಿಗೆ ತಿರುಗಿತು. ವೇದಾ ನೀರಿನ ಲೋಟ ಕೊಟ್ಟು ಅವರು ಕುಡಿದು ಮುಗಿಸುವವರೆಗೆ ಬೆನ್ನಿನ ಮೇಲೆ ಅಂಗೈ ಇಟ್ಟುಕೊಂಡು ನಿಂತಳು. ಸ್ನಾನ ಮಾಡಿಸಿ ಅರ್ಧ ಗಂಟೆಯಾಗಿತ್ತು. ಬಿಳಿ ಅಂಗಿಯೊಳಗೆ ಬೆನ್ನಿನ ಮೂಳೆಗಳು ಒಂದೊಂದೂ ಕೈಗೆ ಸಿಗುತ್ತಿದ್ದವು.

ರಾಬರ್ಟ್‌ಗೆ ಎಪ್ಪತ್ತೊಂಬತ್ತು. ಇಂಗ್ಲೆಂಡಿನ ಹಲ್ ಎಂಬ ಬಂದರು ಊರಿನಲ್ಲಿ ಹುಟ್ಟಿ, ಹದಿನೇಳರಲ್ಲಿ ಹಡಗು ಹತ್ತಿ ಪರ್ತ್‌ಗೆ ಬಂದವರು. ಇಪ್ಪತ್ತೊಂದರಲ್ಲಿ ಆಸ್ಟ್ರೇಲಿಯಾದ ಕಾಲ್ದಳದಲ್ಲಿ ವಿಯೆಟ್ನಾಂ ಯುದ್ಧಕ್ಕೆ ಹೋಗಿಬಂದರು. ಆಮೇಲೆ ಪೂರ್ತಿ ಜೀವನ ಅಡಿಲೇಡಿನಲ್ಲಿ, ಬ್ಲೇರ್ ಅಥಾಲ್‌ನ ಈ ಕೆಂಪು ಇಟ್ಟಿಗೆಯ ಮನೆಯಲ್ಲಿ. ಇಷ್ಟನ್ನು ವೇದಾ ಕೆಲಸಕ್ಕೆ ಸೇರಿದ ದಿನ ಕೊಟ್ಟ ಹಾಳೆಯಲ್ಲಿ ಓದಿದ್ದಳು. ಯುದ್ಧದ ಬಗ್ಗೆ ಅವರು ಒಂದು ಮಾತೂ ಆಡಿರಲಿಲ್ಲ. ಹನ್ನೊಂದು ತಿಂಗಳಿನಿಂದ ವಾರಕ್ಕೆ ಮೂರು ಬೆಳಿಗ್ಗೆ, ಆರೂವರೆಯಿಂದ ಎಂಟೂವರೆಯವರೆಗೆ, ಅವಳು ಬಂದು ಸ್ನಾನ ಮಾಡಿಸಿ, ತಿಂಡಿ ಕೊಟ್ಟು, ಕಾಲಿಗೆ ಮುಲಾಮು ಹಚ್ಚಿ ಹೋಗುತ್ತಿದ್ದಳು. ಇಂದು ಏಪ್ರಿಲ್ ಇಪ್ಪತ್ತೈದು, ಆನ್‌ಜಾಕ್ ದಿನ. ಹಳೆಯ ಸೈನಿಕರು ಪದಕ ತೊಟ್ಟು ನಗರದಲ್ಲಿ ಮೆರವಣಿಗೆ ಹೋಗುವ ರಜಾದಿನ. ಅಪ್ಪನನ್ನು ಕರೆದುಕೊಂಡು ಹೋಗಲೆಂದು ಮಗಳು ಡಯಾನಾ ನಿನ್ನೆ ಬ್ರಿಸ್ಬೇನಿನಿಂದ ಬಂದಿದ್ದಳು. ಅಡುಗೆಮನೆಯಿಂದ ಟೋಸ್ಟ್ ಸೀದ ವಾಸನೆ ಬರುತ್ತಿತ್ತು.

ಏಪ್ರನ್ನಿನ ಜೇಬಿನಲ್ಲಿ ಫೋನು ಒಮ್ಮೆ ನಡುಗಿ ಸುಮ್ಮನಾಯಿತು. ಯಾರೆಂದು ನೋಡಬೇಕಿರಲಿಲ್ಲ. ನಿನ್ನೆ ಸಂಜೆ ಬಂದಿದ್ದ ಮೆಸೇಜು ಅವಳಿಗೆ ಬಾಯಿಪಾಠವಾಗಿತ್ತು. 'ಆಂಟಿ, ನಾನು ಉತ್ತಮ್. ಭಾನುವಾರ ಇಂಡಿಯಾಗೆ ಹೋಗ್ತಿದೀನಿ, ಪರ್ಮನೆಂಟಾಗಿ. ನಾಳೆ ಒಂದಿನಕ್ಕೆ ಅಡಿಲೇಡ್‌ಗೆ ಬರ್ತೀನಿ. ಹತ್ತು ಗಂಟೆಯಿಂದ ಮಾಸನ್ ಲೇಕ್ಸ್ ಸ್ಟೇಷನ್ನಲ್ಲಿ ಕೂತಿರ್ತೀನಿ. ಮನೆಗೆ ಬರಲ್ಲ. ನೀವು ಬರದಿದ್ರೂ ಪರ್ವಾಗಿಲ್ಲ. ಸಂಜೆ ಫ್ಲೈಟು.'

ಈಗ ಬಂದದ್ದು, ಅವನು ಇಳಿದಿದ್ದಾನೆ ಎಂದಿರಬೇಕು.

ಮೂರು ವರ್ಷದ ಹಿಂದೆ, ಫೆಬ್ರವರಿಯ ಒಂದು ಶನಿವಾರ, ಬ್ರಿಸ್ಬೇನಿನ ಟೂವಾಂಗ್ ಬಡಾವಣೆಯಲ್ಲಿ ಒಂದೇ ಬಾಡಿಗೆಮನೆಯಲ್ಲಿದ್ದ ಇಬ್ಬರು ಹುಡುಗರು ಅಲ್ಲಿಂದ ಒಂದು ಗಂಟೆ ದೂರದ ಕಡಲತೀರಕ್ಕೆ ಹೋದರು. ಒಬ್ಬ ಮೈಸೂರಿನಿಂದ ಬಂದು ಏಳು ತಿಂಗಳಾಗಿದ್ದ ಉತ್ತಮ್. ಈಜು ಬಾರದವನು. ಇನ್ನೊಬ್ಬ ವೇದಾಳ ಮಗ ಅಭಿನವ್. ಸೊಂಟದವರೆಗಿನ ನೀರಿನಲ್ಲಿ ನಿಂತಿದ್ದ ಉತ್ತಮ್‌ನನ್ನು ಸೆಳವು ಎಳೆದುಕೊಂಡಿತು. ಅಭಿನವ್ ದಡದಿಂದ ಅವನತ್ತ ಈಜಿ ಹೋದ. ಉತ್ತಮ್‌ನನ್ನು ಯಾರೋ ಸರ್ಫಿಂಗ್ ಹಲಗೆಯ ಮೇಲೆ ಹಾಕಿ ತಂದರು. ಅಭಿನವ್ ಸಿಕ್ಕಿದ್ದು ಮರುದಿನ.

ಈಜು ಬರುತ್ತಿದ್ದವನು ಹೋದ, ಬಾರದವನು ಉಳಿದ. ಈ ಒಂದು ಮಾತನ್ನು ವೇದಾ ಮೂರು ವರ್ಷದಿಂದ ದಾಟಲಾಗಿರಲಿಲ್ಲ.

ಅಂದಿನಿಂದ ಪ್ರತಿ ವರ್ಷ ಅಭಿನವ್‌ನ ಹುಟ್ಟಿದ ದಿನ ಉತ್ತಮ್ ಒಂದು ಮೆಸೇಜು ಕಳಿಸುತ್ತಿದ್ದ. ಅವಳು ತೆರೆಯದೆ ಅಳಿಸುತ್ತಿದ್ದಳು. ನಿನ್ನೆಯದ್ದೊಂದನ್ನೇ ಓದಿದ್ದು, ಅದೂ ಹೊಸ ನಂಬರಿನಿಂದ ಬಂತೆಂದು. ಕೋಪ ಒಂದೇ ಕಾರಣವಾಗಿರಲಿಲ್ಲ. ಮಗನ ಕೊನೆಯ ಹತ್ತು ನಿಮಿಷ ಆ ಹುಡುಗನ ಬಳಿ ಇತ್ತು. ಅದನ್ನು ಅವನ ಬಾಯಿಂದ ಕೇಳುವವರೆಗೆ ಅಭಿನವ್ ಇನ್ನೂ ದಡದಲ್ಲಿ, ಟವಲ್ಲು ಹೆಗಲಿಗೆ ಹಾಕಿಕೊಂಡು, ನೀರಿಗೆ ಇಳಿಯದೆ ನಿಂತಿರುತ್ತಾನೆ ಎಂದು ಅವಳಿಗೆ ಅನ್ನಿಸುತ್ತಿತ್ತು. ಇದನ್ನು ಯಾರಿಗೂ ಹೇಳಿರಲಿಲ್ಲ. ಗಂಡ ಹರ್ಷವರ್ಧನ್‌ಗೂ.

"ಪದಕ ಆ ಡ್ರಾಯರಲ್ಲಿದೆ," ರಾಬರ್ಟ್ ಹೇಳಿದರು. "ಮೇಲಿನದ್ದು. ಕಾಲುಚೀಲದ ಕೆಳಗೆ."

ನಾಲ್ಕು ಪದಕಗಳು, ಬಣ್ಣಬಣ್ಣದ ಪಟ್ಟಿಯ ಮೇಲೆ ಸಾಲಾಗಿ, ಹಿಂದೆ ಒಂದು ಉದ್ದ ಪಿನ್ನು. ವೇದಾ ಅದನ್ನು ಏಪ್ರನ್ನಿನ ತುದಿಯಿಂದ ಒರೆಸಿದಳು. ಅಡಿಲೇಡಿಗೆ ಬಂದು ಹದಿನಾಲ್ಕು ವರ್ಷವಾಗಿದ್ದರೂ ಅವಳು ಈ ಮೆರವಣಿಗೆಯನ್ನು ನೋಡಿರಲಿಲ್ಲ. ಏಪ್ರಿಲ್ ಇಪ್ಪತ್ತೈದೆಂದರೆ ಬೆಡ್‌ಶೀಟ್ ಒಗೆಯುವ ದಿನ, ಅಷ್ಟೆ. ಎಲ್ಲಿ ಚುಚ್ಚಬೇಕೆಂದು ಯಾರನ್ನೂ ಕೇಳಬೇಕೆನ್ನಿಸಲೂ ಇಲ್ಲ. ಒಳ್ಳೆಯದಕ್ಕೆಲ್ಲ ಬಲಗಡೆ, ಮನೆಯೊಳಗೆ ಇಡುವ ಕಾಲು, ಪ್ರಸಾದಕ್ಕೆ ಚಾಚುವ ಕೈ, ಹೂ ಬಿದ್ದರೆ ಸಂತೋಷಪಡುವ ದೇವರ ಬದಿ. ಅವಳ ಕೈ ತಾನಾಗಿ ಕೋಟಿನ ಬಲ ಎದೆಗೆ ಹೋಯಿತು. ಪಿನ್ನು ಚುಚ್ಚಿ, ಪಟ್ಟಿ ನೇರವಾಗಿದೆಯೇ ಎಂದು ದೂರ ಹಿಡಿದು ನೋಡಿ, ಕೋಟನ್ನು ರಾಬರ್ಟ್‌ಗೆ ತೊಡಿಸಿದಳು. ವಾಕರ್ ಹಿಡಿಸಿ ಕನ್ನಡಿಯ ಮುಂದೆ ನಿಲ್ಲಿಸಿದಳು.

ರಾಬರ್ಟ್ ಕನ್ನಡಿಯನ್ನು ನೋಡಿದರು. ಅವರ ಮುಖದಲ್ಲಿದ್ದ ತಮಾಷೆ ಹೊರಟುಹೋಯಿತು. ಬಲಗೈ ಎತ್ತಿ ಪದಕಗಳ ಹತ್ತಿರ ತಂದರು, ಮುಟ್ಟಲಿಲ್ಲ.

"ಸರಿಯಾಗಿಲ್ವಾ? ಓರೆ ಆಯ್ತಾ?"

"ಇಲ್ಲ ಲವ್. ಸರಿಯಾಗಿದೆ." ಅವರ ದನಿ ಸಣ್ಣದಾಗಿತ್ತು. "ಐವತ್ತೇಳು ವರ್ಷಕ್ಕೆ ಒಬ್ಬರಾದ್ರೂ ಸರಿಯಾಗಿ ಹಾಕಿದ್ರು."

ಅಷ್ಟರಲ್ಲಿ ಡಯಾನಾ ಟೋಸ್ಟಿನ ತಟ್ಟೆ ಹಿಡಿದು ಬಂದಳು. ಐವತ್ತರ ಹತ್ತಿರದ, ಗಟ್ಟಿ ದನಿಯ ಹೆಂಗಸು. "ತಿನ್ನೋ ಹಾಗಿರೋ ಭಾಗ ಕೆರೆದು ತಂದಿದೀನಿ ಡ್ಯಾಡ್. ಟ್ಯಾಕ್ಸಿ ಎಂಟೂಕಾಲಿಗೆ..." ಅವಳು ನಿಂತಳು. "ಅಯ್ಯೋ ದೇವರೇ! ಇದ್ಯಾರು ಹಾಕಿದ್ದು?"

"ನಾನೇ," ವೇದಾ ಎಂದಳು. "ಯಾಕೆ?"

"ವೇದಾ, ಅದು ಎಡಗಡೆ! ಎಡಗಡೆ ಹಾಕೋದು ಅವರವರ ಪದಕ. ಬಲಗಡೆ ಹಾಕೋದು ಸತ್ತವರದ್ದು. ತಾತನದ್ದು, ಮುತ್ತಾತನದ್ದು, ಅಂಥದ್ದು. ಹೀಗೆ ಹೋದ್ರೆ ಡ್ಯಾಡ್ ತಮ್ಮ ಶ್ರಾದ್ಧಕ್ಕೆ ತಾವೇ ಹೋದ ಹಾಗಿರತ್ತೆ." ಅವಳು ನಗುತ್ತ ತಟ್ಟೆ ಕೆಳಗಿಟ್ಟಳು. "ಪರ್ವಾಗಿಲ್ಲ, ನಿನಗೆ ಹೇಗೆ ಗೊತ್ತಾಗಬೇಕು. ಕೊಡಿ ಡ್ಯಾಡ್, ತೆಗೀತೀನಿ."

ವೇದಾಳ ಕಿವಿ ಬಿಸಿಯಾಯಿತು. ಗೊತ್ತಾಗಬೇಕಿತ್ತು. ಇನ್ನೊಂದು ಕಡೆಯಿಂದ ಅದು ಅವಳಿಗೆ ಗೊತ್ತಿದ್ದ ವಿಷಯವೇ. ಹದಿಮೂರು ದಿನದ ಕರ್ಮವನ್ನು ಅವರು ಮಾಸನ್ ಲೇಕ್ಸ್‌ನ ಮನೆಯ ಗ್ಯಾರೇಜಿನಲ್ಲಿ ಮಾಡಿದ್ದರು, ಲ್ಯಾಪ್‌ಟಾಪು ಮುಂದಿಟ್ಟುಕೊಂಡು. ಮೈಸೂರಿನಿಂದ ಶ್ರೀಕಂಠಯ್ಯ ಶಾಸ್ತ್ರಿಗಳು ಮಂತ್ರ ಹೇಳುತ್ತ, ನಡುನಡುವೆ "ಅಪಸವ್ಯ ಮಾಡ್ಕೊಳ್ಳಿ" ಎನ್ನುತ್ತಿದ್ದರು. ದೇವರ ಕೆಲಸಕ್ಕೆ ಜನಿವಾರ ಎಡಭುಜದ ಮೇಲೆ, ಸತ್ತವರ ಕೆಲಸಕ್ಕೆ ಬಲಭುಜದ ಮೇಲೆ. ಹರ್ಷ ಎಡದಿಂದ ಬಲಕ್ಕೆ ಬದಲಿಸಿಕೊಳ್ಳಬೇಕು. ಮೂರನೆಯ ಸಲ ಅವನ ಕೈ ಅರ್ಧದಲ್ಲೇ ನಿಂತುಹೋಯಿತು. ದಾರ ಕೊರಳಿಗೆ ಸಿಕ್ಕಿಕೊಂಡಿತ್ತು. "ಮಗ ನನಗೆ ಮಾಡ್ಬೇಕಾಗಿದ್ದು ಇದು," ಎಂದ, ಯಾರಿಗೂ ಅಲ್ಲ. ತೆರೆಯ ಮೇಲೆ ಶಾಸ್ತ್ರಿಗಳು ಕನ್ನಡಕ ತೆಗೆದು ಕಣ್ಣೊರೆಸಿಕೊಂಡರು. ವೇದಾ ಬಾಗಿಲಲ್ಲಿ ನಿಂತಿದ್ದಳು. ವರ್ಷದ ಕಾರ್ಯ ಮುಗಿದ ಮೇಲೆ ಹರ್ಷ ಪರ್ತ್‌ನಲ್ಲಿ ಕೆಲಸ ಹಿಡಿದು ಹೋದ. ಮೂರು ತಿಂಗಳಿಗೊಮ್ಮೆ ಬರುತ್ತಾನೆ. ದಿನಾ ಬೆಳಿಗ್ಗೆ ಫೋನು ಮಾಡುತ್ತಾನೆ.

"ತೆಗೀಬೇಡ," ರಾಬರ್ಟ್ ಮಗಳ ಕೈಯನ್ನು ತಳ್ಳಿದರು.

"ಡ್ಯಾಡ್, ಜನ ನೋಡ್ತಾರೆ."

"ನೋಡ್ಲಿ. ಇದು ಕೀತ್‌ದು."

"ಯಾವ ಕೀತ್?"

ರಾಬರ್ಟ್ ಕನ್ನಡಿಯ ಕಡೆ ತಿರುಗಿದರು. ಡಯಾನಾ ಅಪ್ಪನನ್ನೂ ವೇದಾಳನ್ನೂ ಒಮ್ಮೆ ನೋಡಿ, "ಬ್ರಿಸ್ಬೇನಿಂದ ಬಂದಿದೀನಿ ನಾನು. ಎರಡು ದಿನ ರಜೆ ಹಾಕಿ. ಒಂದು ಸಲ ಆದ್ರೂ ನನ್ನ ಮಾತು ಕೇಳ್ಬಹುದಿತ್ತು," ಎಂದು, ಸತ್ತವರ ನೆನಪಿಗೆ ಕೋಟಿಗೆ ಸಿಕ್ಕಿಸುವ ರೋಸ್ಮರಿ ಗಿಡದ ಕಡ್ಡಿ ಕಿತ್ತು ತರುವುದಾಗಿ ಹಿತ್ತಲಿಗೆ ಹೋದಳು. ಜಾಲರಿ ಬಾಗಿಲು ಬಡಿದುಕೊಂಡಿತು.

"ಕೂತ್ಕೊಳ್ಳಿ," ವೇದಾ ಅವರನ್ನು ಹಾಸಿಗೆಗೆ ಕರೆತಂದಳು. ಬೂಟು ಹಾಕಲು ನೆಲದ ಮೇಲೆ ಮಂಡಿಯೂರಿದಳು. ಮಾತು ಬಂದದ್ದು ಅವಳ ತಲೆಯ ಮೇಲಿನಿಂದ.

"ಕೀತ್ ನಮ್ಮ ಪಕ್ಕದ ಬೀದಿಯವನು, ಹಲ್‌ನಲ್ಲಿ. ಅವನ ಅಪ್ಪ ಮೀನಿನ ದೋಣಿಯಲ್ಲೇ ತೀರಿಹೋಗಿದ್ದ. ಅಮ್ಮ ಮಗ ಇಬ್ಬರೇ. ನಾವು ಹೊರಟಿದೀವಿ ಅಂತ ಅವರೂ ಹೊರಟರು, ಒಂದೇ ಹಡಗು. ಪರ್ತ್‌ನಲ್ಲಿ ವಲಸೆ ಬಂದವರ ತಗಡಿನ ಹಾಸ್ಟೆಲ್ಲು, ಅಕ್ಕಪಕ್ಕದ ಗೂಡು. ಆ ಸೆಕೆ! ಅವನ ಅಮ್ಮ ಒದ್ದೆ ಟವಲ್ಲು ತಲೆಗೆ ಸುತ್ತಿಕೊಂಡು ಆಲೂಗಡ್ಡೆ ಬೇಯಿಸೋಳು. ನನಗೂ ಸೇರಿಸಿ."

"ಕಾಲು ಮುಂದೆ ಚಾಚಿ."

ಚಾಚಿದರು. "ಇಪ್ಪತ್ತು ತುಂಬಿದವರನ್ನ ಸೈನ್ಯಕ್ಕೆ ಎಳೀತಿದ್ರು ಆಗ. ಪೀಪಾಯಿಯಲ್ಲಿ ಗೋಲಿ ಹಾಕಿ, ಒಂದೊಂದು ಗೋಲಿ ಒಂದೊಂದು ತಾರೀಕು. ನಿನ್ನ ಹುಟ್ಟಿದ ದಿನ ಬಂದ್ರೆ ನೀನು ಹೋಗ್ಬೇಕು. ನಂದು ಬಂತು. ಕೀತ್‌ದು ಬರ್ಲಿಲ್ಲ. ಆ ಶನಿವಾರ ಪಬ್ಬಿನಲ್ಲಿ ಅವನ ಬೆನ್ನು ತಟ್ಟಿ ಅಂದೆ. ಇಷ್ಟು ದೂರ ಜೊತೆಗೆ ಬಂದ್ಯಲ್ಲೋ, ಈಗೊಬ್ಬನನ್ನೇ ಕಳಿಸ್ತೀಯಾ ಅಂತ. ತಮಾಷೆಗೆ. ಎಲ್ಲರೂ ನಕ್ಕರು. ಅವನೂ ನಕ್ಕ. ಸೋಮವಾರ ಹೋಗಿ ತಾನಾಗಿ ಹೆಸರು ಬರೆಸಿ ಬಂದ."

ವೇದಾಳ ಕೈ ಬೂಟಿನ ದಾರದ ಮೇಲೆ ನಿಂತಿತು.

"ಒಂದೇ ತುಕಡಿಗೆ ಹಾಕಿದ್ರು. ಹತ್ತು ಜನರ ಗುಂಪು. ಆರು ತಿಂಗಳು ಕಾಡು, ಮಳೆ, ಕಾಲಲ್ಲಿ ಹುಣ್ಣು. ರಾತ್ರಿಯೆಲ್ಲ ಬೂಟು ಬಿಚ್ಚೋ ಹಾಗಿಲ್ಲ. ಅವನು ಹಲ್‌ನ ಮೀನಂಗಡಿ ಹೆಸರೆಲ್ಲ ಸಾಲಾಗಿ ಹೇಳ್ತಾ ನಡೆಯೋನು, ನಗಿಸೋಕೆ. ಅವತ್ತು ಅವನು ನನಗಿಂತ ನಾಲ್ಕು ಹೆಜ್ಜೆ ಮುಂದೆ ಇದ್ದ. ನೆಲಬಾಂಬು. ನನಗೆ ಒಂದು ಕಿವಿ ಹೋಯ್ತು, ಈ ತೊಡೆಗೆ ಒಂದು ಚೂರು ಬಿತ್ತು." ಅಷ್ಟೇ ಎಂಬಂತೆ ಅವರು ಅಂಗೈಯನ್ನು ತಿರುಗಿಸಿ ತೋರಿಸಿದರು. "ಅಮ್ಮ ಅಂತ ಕೂಗಿದ, ಹಲ್‌ನವರು ಹೇಳೋ ಹಾಗೆ. ಬೇರೇನೂ ಇಲ್ಲ."

ಹಿತ್ತಲಲ್ಲಿ ಡಯಾನಾ ಫೋನಿನಲ್ಲಿ ಟ್ಯಾಕ್ಸಿಯವನೊಂದಿಗೆ ಗಟ್ಟಿಯಾಗಿ ಮಾತಾಡುವುದು ಕೇಳಿಸುತ್ತಿತ್ತು.

"ವಾಪಸ್ ಬಂದ ಮೇಲೆ ಅವರ ಮನೆಗೆ ಹೋದೆ. ಅವನ ಅಮ್ಮ ಬಟ್ಟೆ ಒಣಗೋಕೆ ಹಾಕ್ತಿದ್ದಳು. ಗೇಟಿನ ಹತ್ರ ನಿಂತೆ. ಬೆನ್ನು ಈ ಕಡೆ ಇತ್ತು, ನೋಡ್ಲಿಲ್ಲ. ಹಾಗೇ ತಿರುಗಿ ಹೋಗಿ ರೈಲು ಹತ್ತಿದೆ. ಕೈಯಲ್ಲಿದ್ದ ದುಡ್ಡಿಗೆ ಅಡಿಲೇಡ್‌ವರೆಗೆ ಟಿಕೆಟ್ಟು ಸಿಕ್ಕಿತು." ರಾಬರ್ಟ್ ನಕ್ಕರು, ಅಥವಾ ಹಾಗೆ ಕೇಳಿಸಿತು. "ನನ್ನ ವಿಳಾಸ ಹೇಗೆ ಸಿಕ್ಕಿತೋ. ಪ್ರತಿ ಕ್ರಿಸ್‌ಮಸ್‌ಗೆ ಅವಳಿಂದ ಒಂದು ಕಾರ್ಡು. ಇಪ್ಪತ್ತಾರು ವರ್ಷ. ಒಂದನ್ನೂ ಒಡೀಲಿಲ್ಲ. ಬಂದ ದಿನವೇ ಹಿತ್ತಲಲ್ಲಿ ಸುಟ್ಟುಬಿಡ್ತಿದ್ದೆ, ಹೆಂಡತಿ ಕೆಲಸದಿಂದ ಬರೋ ಮೊದಲು. ಇಪ್ಪತ್ತೇಳನೇ ವರ್ಷ ಬರ್ಲಿಲ್ಲ."

ಬೂಟಿನ ದಾರ ಕಟ್ಟಿ ಮುಗಿದಿತ್ತು. ವೇದಾ ಏಳಲಿಲ್ಲ. ಎದೆಯಲ್ಲಿ ಮೊದಲು ಎದ್ದದ್ದು ಕನಿಕರವಲ್ಲ, ಸಿಟ್ಟು. ಇಪ್ಪತ್ತಾರು ಸಲ ಆ ಹೆಂಗಸು ಪೆನ್ನು ಹಿಡಿದಿದ್ದಳು. ಅಂಚೆಡಬ್ಬಿಗೆ ನಡೆದುಹೋಗಿದ್ದಳು. ಈ ಮನುಷ್ಯ ಒಡೆದು ನೋಡಲಿಲ್ಲ. ಆ ಸಿಟ್ಟು ಹೆಚ್ಚು ಹೊತ್ತು ಅವರ ಮೇಲೆ ನಿಲ್ಲಲಿಲ್ಲ. ಜೇಬಿನ ಫೋನು ಅವಳ ತೊಡೆಗೆ ಒತ್ತುತ್ತಿತ್ತು.

"ನೀನೂ ಒಬ್ಬ ಮಗನ ತಾಯಿ," ರಾಬರ್ಟ್ ಹೇಳಿದರು. "ನೀನು ಹೇಳು. ಏನು ಬರೆದಿರ್ತಾಳೆ?"

ಈ ಪ್ರಶ್ನೆ ಬರಬಹುದೆಂದು ಅವಳು ಹನ್ನೊಂದು ತಿಂಗಳಲ್ಲಿ ಒಮ್ಮೆಯೂ ಯೋಚಿಸಿರಲಿಲ್ಲ.

ಮೊದಲ ವಾರ ಅವರು ಮಕ್ಕಳೆಷ್ಟು ಎಂದಾಗ, "ಒಬ್ಬನೇ ಮಗ. ಬ್ರಿಸ್ಬೇನಿನಲ್ಲಿ ಎಂಜಿನಿಯರಿಂಗ್ ಓದ್ತಿದಾನೆ," ಎಂದುಬಿಟ್ಟಿದ್ದಳು. ಕೆಲಸದ ಮನೆಗೆ ನಮ್ಮ ಕಷ್ಟ ಒಯ್ಯಬಾರದೆಂದು ತರಬೇತಿಯಲ್ಲಿ ಹೇಳಿದ್ದರು, ಅದಕ್ಕೆಂದು ತನಗೆ ತಾನೇ ಸಮಾಧಾನ ಹೇಳಿಕೊಂಡಳು. ಮುಂದಿನ ವಾರ ರಾಬರ್ಟ್ "ಹುಡುಗನ ಪರೀಕ್ಷೆ ಹೇಗಾಯ್ತು?" ಎಂದರು. ಚೆನ್ನಾಗಾಯ್ತು ಎಂದಳು. ಆಮೇಲೆ ಅದು ನಿಲ್ಲಲಿಲ್ಲ. ಈ ಮನೆಯಲ್ಲಿ ಅಭಿನವ್ ಕೊನೆಯ ವರ್ಷ ಮುಗಿಸಿದ. ಸೇತುವೆ ಕಟ್ಟುವ ಕಂಪನಿಯೊಂದರಲ್ಲಿ ಕೆಲಸಕ್ಕೆ ಸೇರಿದ. ಜೂನಿನಲ್ಲಿ ಅವನಿಗೆ ಕೆಟ್ಟ ನೆಗಡಿಯಾಯಿತು. ಒಮ್ಮೆ ಗಡ್ಡ ಬಿಟ್ಟ, ಅವಳಿಗೆ ಇಷ್ಟವಾಗಲಿಲ್ಲ, ರಾಬರ್ಟ್ ಅವನ ಪರ ವಹಿಸಿದರು. ವಾರಕ್ಕೆ ಮೂರು ಬೆಳಿಗ್ಗೆ, ಎರಡೆರಡು ಗಂಟೆ, ಅವಳ ಮಗ ಬದುಕಿದ್ದದ್ದು ಇಲ್ಲೊಂದೇ ಕಡೆ. ಕೆಲವು ದಿನ ಆರೂವರೆಗೆ ಮುಂಚೆಯೇ ಬಂದು ಕಾರಿನಲ್ಲಿ ಕಾಯುತ್ತಿದ್ದಳು.

ಈಗ ಅವರಿಗೆ ಏನಾದರೊಂದು ಹೇಳಬಹುದಿತ್ತು. ಕ್ಷಮಿಸಿದೀನಿ ಅಂತ ಬರೆದಿರ್ತಾಳೆ, ತಾಯಿ ಅಲ್ವಾ. ಇಷ್ಟು ಸಾಕಾಗುತ್ತಿತ್ತು. ಎಂಟೂಕಾಲಿಗೆ ಟ್ಯಾಕ್ಸಿ ಬರುತ್ತಿತ್ತು. ಸೋಮವಾರ ಬಂದಾಗ ಸೇತುವೆಯ ಕೆಲಸ ಹೇಗಿದೆ ಎಂದು ಅವರು ಕೇಳುತ್ತಿದ್ದರು.

ಅವಳು ಅವರ ಬೂಟನ್ನು ನೋಡುತ್ತ ಮಾತಾಡಿದಳು.

"ಎಲ್ಲಾ ವರ್ಷ ಒಂದೇ ತರ ಬರೆದಿರಲ್ಲ. ಕೆಲವು ವರ್ಷ ನಿಮ್ಮನ್ನ ನೋಡ್ಬೇಕು ಅನ್ಸಿರತ್ತೆ. ಅವನ ಜೊತೆ ಇದ್ದೋರು ನೀವೊಬ್ರೇ ಅಲ್ವಾ. ಕೆಲವು ವರ್ಷ ನೀವ್ಯಾಕೆ ಉಳಿದ್ರಿ ಅನ್ಸಿರತ್ತೆ. ಅವನ ಬದಲು ನೀವು ಹೋಗಿದ್ರೆ ಅಂತ. ಅನ್ಸಿದ ಮೇಲೆ ನಾಚಿಕೆಯಾಗಿರತ್ತೆ. ಅದಕ್ಕೆ ಹ್ಯಾಪಿ ಕ್ರಿಸ್‌ಮಸ್ ಅಂತಷ್ಟೇ ಬರೆದು ಕಳಿಸಿರ್ತಾಳೆ. ನೀವು ಅವನನ್ನ ಕರೆದ್ರಾ, ಇಲ್ಲಾ ಅವನಾಗೇ ಬಂದನಾ ಅಂತ ಮಾತ್ರ ಕೇಳಿರಲ್ಲ. ಅದನ್ನ ಕೇಳೋಕೆ ಧೈರ್ಯ ಬರಲ್ಲ. ಕರೆದೆ ಅಂದ್ಬಿಟ್ರೆ ಏನ್ ಮಾಡೋದು."

ಅವಳ ನಡುನೆತ್ತಿಯ ಮೇಲೆ ರಾಬರ್ಟ್‌ರ ಕಣ್ಣಿರುವುದು ಗೊತ್ತಾಗುತ್ತಿತ್ತು.

"ಯಾವಾಗ, ಲವ್?"

"ಮೂರು ವರ್ಷ ಆಯ್ತು. ಫೆಬ್ರವರಿಗೆ."

"ನೀನಿಲ್ಲಿಗೆ ಬರೋ ಮೊದಲೇ."

"ಹೂಂ."

ಅವರ ಕೈ ಮಡಿಲಲ್ಲಿ ಒಂದರೊಳಗೊಂದು ಹೋಯಿತು. "ಹಾಗಾದ್ರೆ ಸೇತುವೆ ಕೆಲಸ..."

"ಇಲ್ಲ."

"ಗಡ್ಡ?"

ವೇದಾ ಇಲ್ಲವೆಂದು ತಲೆಯಾಡಿಸಿದಳು.

"ಎಷ್ಟು ಚೆನ್ನಾಗಿ ಮುಂದೆ ಬರ್ತಿದ್ದ ಹುಡುಗ," ಎಂದರು ರಾಬರ್ಟ್. ಅದು ಚುಚ್ಚುಮಾತಾಗಿರಲಿಲ್ಲ. ಅವರ ಕಣ್ಣು ತುಂಬಿತ್ತು. ಅಭಿನವ್ ಸತ್ತ ಸುದ್ದಿ ಅವರಿಗೆ ಈಗಷ್ಟೇ ಬಂದಿತ್ತು. ಅವನನ್ನು ಬಲ್ಲವರು ಅಳುವ ಹಾಗೆ ಅವರು ಅಳುತ್ತಿದ್ದರು, ಮತ್ತು ಅದನ್ನು ನೋಡುತ್ತ ನೆಲದ ಮೇಲೆ ಕೂತಿದ್ದ ವೇದಾಳಿಗೆ ಈ ಮನೆಯಿಂದಲೂ ಮಗ ಎದ್ದುಹೋದದ್ದು ಗೊತ್ತಾಯಿತು. ಅವನನ್ನು ಇಟ್ಟುಕೊಳ್ಳಲು ಇನ್ನು ಎಲ್ಲೂ ಜಾಗವಿರಲಿಲ್ಲ. ಅವಳು ಏಪ್ರನ್ನನ್ನು ಮುಖಕ್ಕೆ ಒತ್ತಿಕೊಂಡಳು. ಶಬ್ದ ಬರದಂತೆ ನೋಡಿಕೊಳ್ಳುವುದು ಅಭ್ಯಾಸವಾಗಿತ್ತು, ಆದರೂ ಸ್ವಲ್ಪ ಬಂತು.

ರಾಬರ್ಟ್ ಅವಳನ್ನು ಮುಟ್ಟಲಿಲ್ಲ. "ಯಾರಾದ್ರೂ ಜೊತೆಗಿದ್ರಾ ಅವನಿಗೆ?" ಎಂದು ಮಾತ್ರ ಕೇಳಿದರು.

"ಇದ್ದ ಒಬ್ಬ. ಗೆಳೆಯ."

"ಉಳಿದ್ಕೊಂಡ್ನಾ?"

"ಉಳಿದ್ಕೊಂಡ."

"ಪಾಪ," ಎಂದರು.

ಆ ಒಂದು ಪದಕ್ಕೆ ಅವಳು ತಲೆ ಎತ್ತಿ ಅವರನ್ನು ನೋಡಿದಳು. ಮೂರು ವರ್ಷದಲ್ಲಿ ಉತ್ತಮ್‌ಗೆ ಯಾರೂ ಆ ಮಾತು ಅಂದದ್ದನ್ನು ಅವಳು ಕೇಳಿರಲಿಲ್ಲ. ತಾನಂತೂ ಅಂದಿರಲಿಲ್ಲ. ಶವಾಗಾರದ ಹೊರಗಿನ ಬೆಂಚಿನಲ್ಲಿ ಅವನು ಯಾರದೋ ದೊಡ್ಡ ಟೀಷರ್ಟು ಹಾಕಿಕೊಂಡು, ಬರಿಗಾಲಲ್ಲಿ ಕೂತಿದ್ದ. ಕಾಲ್ಬೆರಳ ಸಂದಿನಲ್ಲಿ ಇನ್ನೂ ಮರಳಿತ್ತು. ಇವಳನ್ನು ಕಂಡು ಎದ್ದುನಿಂತ. ಇವಳು ಅವನ ಮುಂದಿನಿಂದ ಗೋಡೆಯ ಮುಂದೆ ಹೋಗುವಂತೆ ಹೋಗಿದ್ದಳು.

ಜಾಲರಿ ಬಾಗಿಲು ಬಡಿಯಿತು. ಡಯಾನಾ ರೋಸ್ಮರಿ ಕಡ್ಡಿ ಹಿಡಿದು ಬಂದು, ಒಬ್ಬರು ಮೇಲೆ ಒಬ್ಬರು ಕೆಳಗೆ ಕೂತು ಅಳುತ್ತಿದ್ದ ಇಬ್ಬರನ್ನೂ ನೋಡಿ ಬಾಗಿಲಲ್ಲೇ ನಿಂತಳು. "ಡ್ಯಾಡ್? ಏನಾಯ್ತು? ನಾನು ಅಂದಿದ್ದಕ್ಕಾ? ಬಿಡಿ, ಬಲಗಡೆನೇ ಇರ್ಲಿ. ಬೇಕಾದ್ರೆ ಬೆನ್ನಿಗೆ ಹಾಕ್ಕೊಳ್ಳಿ."

"ದಾರೀಲಿ ಹೇಳ್ತೀನಿ," ರಾಬರ್ಟ್ ಕೈ ಚಾಚಿದರು. "ಕೀತ್ ಯಾರು ಅಂತ. ನಿನಗೆ ಹೇಳ್ಬೇಕಾಗಿತ್ತು, ನೀನು ಚಿಕ್ಕೋಳಿದ್ದಾಗ್ಲೇ."

ಟ್ಯಾಕ್ಸಿ ಹತ್ತು ನಿಮಿಷ ತಡವಾಗಿ ಬಂತು. ಗಾಲಿಕುರ್ಚಿಯನ್ನು ಹಲಗೆಯ ಮೇಲೆ ಏರಿಸುವಾಗ ಡ್ರೈವರು, ಪಂಜಾಬಿನ ಹುಡುಗ, ಪದಕಗಳನ್ನು ನೋಡಿ, "ನಿಮ್ಮ ತಂದೆಯದ್ದಾ ಸರ್?" ಎಂದು ಕೇಳಿದ. "ಗೆಳೆಯನದ್ದು," ಎಂದರು ರಾಬರ್ಟ್. ಬಾಗಿಲು ಮುಚ್ಚುವ ಮೊದಲು ವೇದಾಳ ಕಡೆ ತಿರುಗಿ ಗದ್ದವನ್ನು ಒಮ್ಮೆ ಕೆಳಗಿಳಿಸಿದರು.

ವೇದಾ ಒಳಗೆ ಬಂದು ತಟ್ಟೆ ತೊಳೆದಳು. ಇಸ್ತ್ರಿ ಹಲಗೆ ಮಡಿಸಿ ಗೋಡೆಗೆ ಒರಗಿಸಿದಳು. ಹಾಸಿಗೆಯ ಹೊದಿಕೆ ಸರಿ ಮಾಡಿದಳು. ಹೊರಗೆ ಬಂದು, ಕೀಲಿಯನ್ನು ಬಾಗಿಲ ಪಕ್ಕದ ಡಬ್ಬಿಯಲ್ಲಿಟ್ಟು, ಕಾರಿನಲ್ಲಿ ಕೂತು ಫೋನಿನಲ್ಲಿ ದಿನದ ವರದಿ ಬರೆದಳು. ಸ್ನಾನ ಆಯಿತು. ಮುಲಾಮು ಹಚ್ಚಿದೆ. ತಿಂಡಿ ಅರ್ಧ ತಿಂದರು. ಮನಃಸ್ಥಿತಿ ಎಂಬ ಜಾಗದಲ್ಲಿ ನಾಲ್ಕು ಆಯ್ಕೆಗಳಿದ್ದವು. 'ಎಂದಿನಂತೆ' ಎನ್ನುವುದನ್ನು ಒತ್ತಿದಳು.

ಆಮೇಲೆ ಬೆಳಗಿನ ಮೆಸೇಜನ್ನು ತೆರೆದಳು. 'ರೀಚ್ ಆದೆ ಆಂಟಿ.' ಅಷ್ಟೇ ಇತ್ತು.

ರಜಾದಿನದ ರಸ್ತೆ ಖಾಲಿಯಿತ್ತು. ಎದುರುಮನೆಯವನು ಮನೆಮುಂದೆ ಇಟ್ಟುಕೊಂಡು ಮಾಂಸ ಸುಡುವ ಬಾರ್ಬೆಕ್ಯೂ ಒಲೆಯನ್ನು ಉಜ್ಜಿ ತೊಳೆಯುತ್ತಿದ್ದ. ಕೆಲಸದ ಮಧ್ಯೆ ಕೈ ಎತ್ತಿದ, ಅವಳೂ ಎತ್ತಿದಳು. ಒಂಬತ್ತಾಗಲು ಇನ್ನೂ ಹತ್ತು ನಿಮಿಷವಿತ್ತು. ಹತ್ತಕ್ಕೆಂದು ಹೇಳಿದ್ದರೂ ಅವನು ಈಗಾಗಲೇ ಸ್ಟೇಷನ್ನಿನಲ್ಲಿ ಕೂತಿರುತ್ತಾನೆಂದು ಅವಳಿಗೆ ಖಾತ್ರಿಯಿತ್ತು. ಅವಳ ಮನೆಯಿಂದ ಸ್ಟೇಷನ್ನಿಗೆ ನಡೆದರೆ ಎಂಟು ನಿಮಿಷ. ಅಭಿನವ್ ಕಾಲೇಜು ರಜೆಗೆ ಬಂದಾಗ ಬೆನ್ನಿಗೆ ಬ್ಯಾಗು ಹಾಕಿಕೊಂಡು ಓಡಿದರೆ ಐದು.

ಫೋನು ಮತ್ತೆ ಅಲುಗಿತು. ಹರ್ಷ. ಪರ್ತ್‌ನಲ್ಲಿ ಈಗ ಏಳೂ ಇಪ್ಪತ್ತು.

"ಎದ್ದಿದೀಯಾ?" ಎಂದ ಅವನು, ದಿನಾ ಕೇಳುವ ಹಾಗೆ.

"ಕೆಲಸ ಮುಗೀತು ರೀ. ರಜಾ ದಿನ ಆದ್ರೂ, ಮೆರವಣಿಗೆ ಅಂತ ಕರೆದಿದ್ರು."

"ಓ, ಇವತ್ತು ಆನ್‌ಜಾಕ್ ಅಲ್ವಾ. ಇಲ್ಲೂ ಎಲ್ಲಾ ಬಂದ್. ಪೆಟ್ರೋಲ್ ಬಂಕಿನ ಅಂಗಡಿಗೆ ಹೋಗಿ ಹಾಲು ತಂದೆ." ಅವನ ಹಿಂದೆ ಫ್ರಿಜ್ಜು ಗುಂಯ್‌ಗುಡುವುದು ಕೇಳಿಸಿತು. "ದನಿ ಯಾಕೆ ಹಾಗಿದೆ?"

"ಧೂಳು. ಹಳೇ ಕೋಟು ಕೊಡವಿದೆ."

"ಮಾತ್ರೆ ತಗೋ. ಅಲರ್ಜಿದು."

"ಹೂಂ."

ಹೇಳಬಹುದಿತ್ತು. ಉತ್ತಮ್ ಬಂದಿದಾನೆ ರೀ, ಎರಡೇ ಎರಡು ಮಾತು. ಹರ್ಷ ಹೋಗ್ಬೇಡ ಎನ್ನುತ್ತಿರಲಿಲ್ಲ. ಹೋಗಿ ಬಂದ ಮೇಲೆ, ಎಷ್ಟೇ ದಿನ ಕಳೆದ ಮೇಲಾದರೂ, "ಏನಂದ?" ಎಂದು ಕೇಳುತ್ತಿದ್ದ. ಆ ಹುಡುಗ ಕಡಲಿನಿಂದ ಅಭಿನವ್‌ನ ಹೆಸರು ಹಿಡಿದು ಕೂಗಿದ್ದನೋ ಇಲ್ಲವೋ, ಅದನ್ನು ತಾನು ಗಂಡನಿಗೂ ಹೇಳಬೇಕಾಗುತ್ತಿತ್ತು. ಕೂಗಿದ್ದರೆ ಆ ಕೂಗು ಪರ್ತ್‌ನ ಆ ಒಂಟಿ ಮನೆಯಲ್ಲೂ ಹೋಗಿ ಕೂರುತ್ತಿತ್ತು. ಅಪಸವ್ಯಕ್ಕೆ ಎತ್ತಿದ ಕೈಯನ್ನು ಅವನು ಇನ್ನೂ ಕೆಳಗಿಳಿಸಿಲ್ಲ.

"ಏನ್ ಮಾಡ್ತೀಯಾ ಇವತ್ತು?" ಹರ್ಷ ಕೇಳಿದ.

"ಏನಿಲ್ಲ. ಬೆಡ್‌ಶೀಟ್ ಒಗೀಬೇಕು."

"ಬಿಸಿಲಿದೆಯಾ ಅಲ್ಲಿ?"

"ಇದೆ."

"ಸರಿ. ಮಧ್ಯಾಹ್ನದ ಮೇಲೆ ಮಾಡ್ತೀನಿ ಮತ್ತೆ."

ಅವನು ಫೋನು ಇಟ್ಟ ಮೇಲೂ ವೇದಾ ಸ್ವಲ್ಪ ಹೊತ್ತು ಸ್ಟೀರಿಂಗ್ ಮೇಲೆ ಎರಡೂ ಕೈ ಇಟ್ಟುಕೊಂಡು ಕೂತಿದ್ದಳು. ಹೋಗಿ ಉತ್ತಮ್‌ನ ಪಕ್ಕದಲ್ಲಿ ಕೂರುವುದು. ಅವನು ಹೇಳಲು ಬಂದದ್ದನ್ನು ಮೊದಲಿನಿಂದ ಕೊನೆಯವರೆಗೆ ಹೇಳಲು ಬಿಡುವುದು, ನೀರಿನ ಭಾಗವನ್ನೂ. ಕರೆದೆ ಎಂದು ಅವನು ಹೇಳಿದರೆ, ನೀನು ಕರೆಯದಿದ್ದರೂ ಅವನು ಬರುತ್ತಿದ್ದ ಎನ್ನುವುದು. ಅದು ನಿಜವೇ ಎಂದು ಅವಳಿಗೆ ಗೊತ್ತಿರಲಿಲ್ಲ. ಇನ್ನು ತಿಳಿಯುವ ದಾರಿಯೂ ಇರಲಿಲ್ಲ. ಆದರೂ ಹಾಗೆಯೇ ಹೇಳುವುದು, ದನಿ ನಡುಗದಂತೆ, ಅವನ ಮುಖ ನೋಡಿಕೊಂಡು. ಕೇಳಿಸಿಕೊಂಡದ್ದನ್ನು ತಾನೊಬ್ಬಳೇ ಇಟ್ಟುಕೊಳ್ಳುವುದು.

ಅವಳು ಕನ್ನಡಿಯಲ್ಲಿ ಕಣ್ಣೊರೆಸಿಕೊಂಡು ಕಾರು ಶುರು ಮಾಡಿದಳು.